ಕೇಳುವ ಕಸಬು

ಕಳೆದ ಬೇಸಗೆಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯೊಡನೆ ಮನೆಗೆ ಬಂದಿದ್ದಳು. ಕೈಯಲ್ಲಿ ಮದುವೆಯ ಕರೆಯೋಲೆ. ಕುಶಲ ಸಂಭಾಷಣೆಯೆಲ್ಲ ಮುಗಿದ ಮೇಲೆ, ಹಿರಿಯರಾದವರು ಕಿರಿಯರನ್ನು ಎಲ್ಲ ಕಾಲದಲ್ಲಿಯೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: "ಈಗ ಏನು ಕೆಲಸ ಮಾಡುತ್ತಿದ್ದೀಯಮ್ಮ?" ಅವಳು ಬಾಯಿ ತೆರೆಯುವ ಮೊದಲೇ ತಾಯಿ, "ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಸಾರ್" ಎಂದರು. ಮಗಳು ನಕ್ಕಳು. "ಅಮ್ಮ ಎಲ್ಲರಿಗೂ ಹಾಗೇ ಹೇಳ್ತಾರೆ, ಸಾರ್. ನಾನು ಬಿಸಿನೆಸ್ ಅನಲಿಸ್ಟ್. ಕಂಪ್ಯೂಟರಿಗೆ ಒಂದು ಸಾಲನ್ನೂ ನಾನು ಬರೆಯೋದಿಲ್ಲ." ಹಾಗಾದರೆ ಮಾಡುವುದೇನು ಎಂದೆ. ಆಕೆ ತುಸು ಹೊತ್ತು ಯೋಚಿಸಿ, "ಕೇಳ್ತೀನಿ, ಸಾರ್. ಕೇಳೋದೇ ನನ್ನ ಕೆಲಸ" ಎಂದಳು.

ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಧಾತುಗಳ ಅರ್ಥವನ್ನು ಹೇಳಿಕೊಡುತ್ತ ಬಂದವನು ನಾನು. ಆದರೂ 'ಕೇಳು' ಎಂಬ ನಮ್ಮ ಧಾತುವಿನ ಸೊಗಸು ಅಂದು ಮನಸ್ಸಿಗೆ ತಟ್ಟಿದಂತೆ ಹಿಂದೆಂದೂ ತಟ್ಟಿರಲಿಲ್ಲ. ಕನ್ನಡದಲ್ಲಿ ಪ್ರಶ್ನೆ ಹಾಕುವುದೂ ಕೇಳುವುದೇ, ಉತ್ತರಕ್ಕೆ ಕಿವಿಗೊಡುವುದೂ ಕೇಳುವುದೇ. ಸಾಲ ಕೇಳುವುದು, ಹೆಣ್ಣು ಕೇಳುವುದು ಎಂಬಲ್ಲಿ ಬೇಕಾದುದನ್ನು ಬೇಡುವುದೂ ಕೇಳುವುದೇ. ನಮ್ಮ ಸೋದರ ಭಾಷೆಯಾದ ತಮಿಳಿನಲ್ಲಿಯೂ ಇದೇ ಬಗೆ. ಪ್ರಶ್ನೆ, ಆಲಿಕೆ, ಬೇಡಿಕೆ ಈ ಮೂರನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟ ಭಾಷೆಯವರಿಗೆ ಬಿಸಿನೆಸ್ ಅನಲಿಸ್ಟ್ ಎಂಬಾತನ ಕಸಬನ್ನು ವಿವರಿಸುವುದು ಕಷ್ಟವಾಗಬಾರದು. ಏಕೆಂದರೆ ಆತನ ಕಸಬಿನಲ್ಲಿ ಮುಖ್ಯವಾಗಿ ಇರುವುದು ಈ ಮೂರೇ: ಯಾರಿಗೆ ಏನು ಬೇಕು ಎಂದು ಪ್ರಶ್ನಿಸುವುದು, ಅವರು ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಆಲಿಸುವುದು, ಆ ಬೇಡಿಕೆಯನ್ನು ಯಂತ್ರಕ್ಕೆ ವಿಧಿ ಬರೆಯುವವರ ಮುಂದೆ ತಪ್ಪಿಲ್ಲದಂತೆ ಇಡುವುದು.

ಇಂಥದೊಂದು ವೃತ್ತಿ ಏಕೆ ಬೇಕಾಯಿತು ಎಂಬ ಸಂದೇಹ ವಾಚಕರಿಗೆ ಬರುವುದು ಸಹಜ. ಬೇಕಾದವನು ಒಬ್ಬ, ಮಾಡಿಕೊಡುವವನು ಇನ್ನೊಬ್ಬ, ನಡುವೆ ಮೂರನೆಯವನೇಕೆ? ಮನೆ ಕಟ್ಟಿಸಿದವರಿಗೆ ಇದರ ಉತ್ತರ ಗೊತ್ತಿರುತ್ತದೆ. "ಗಾಳಿ ಬೆಳಕು ಚೆನ್ನಾಗಿರಬೇಕು" ಎಂದು ಯಜಮಾನ ಹೇಳುತ್ತಾನೆ. ಗಾರೆಯವನಿಗೆ ಬೇಕಾದುದು ಕಿಟಕಿಯ ಅಳತೆ. ಗಾಳಿಯ ಮಾತನ್ನು ಅಳತೆಯ ಮಾತಾಗಿ ತಿರುಗಿಸುವವನು ಇಲ್ಲದಿದ್ದರೆ ಗೋಡೆ ಎದ್ದ ಮೇಲೆ ಒಡೆಯಬೇಕಾಗುತ್ತದೆ. ತಂತ್ರಾಂಶದಲ್ಲಿಯೂ ಹೀಗೆಯೇ. ಮೊದಲ ಮಾತುಕತೆಯಲ್ಲಿ ನುಸುಳಿದ ತಪ್ಪನ್ನು ಆಗಲೇ ತಿದ್ದಿದರೆ ಖರ್ಚು ಅಲ್ಪ, ಕೆಲಸವೆಲ್ಲ ಮುಗಿದು ಬಳಕೆಗೆ ಬಂದ ಮೇಲೆ ತಿದ್ದಹೊರಟರೆ ಅದು ಹಲವು ಮಡಿಯಾಗುತ್ತದೆ ಎಂಬುದನ್ನು ಅಮೆರಿಕದ ಬ್ಯಾರಿ ಬೋಹಮ್ ಎಂಬ ವಿದ್ವಾಂಸರು 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಲೆಕ್ಕಹಾಕಿ ತೋರಿಸಿದರು.

ಈ ಕಸಬಿನ ಮೂಲವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಯಾವುದೋ ಪ್ರಯೋಗಾಲಯಕ್ಕಲ್ಲ, ಚಹಾದ ಅಂಗಡಿಗೆ! ಲಂಡನ್ನಿನಲ್ಲಿ ಜೆ. ಲಯನ್ಸ್ ಎಂಬ ಹೆಸರಾಂತ ಕಂಪೆನಿಯೊಂದಿತ್ತು. 1894ರಲ್ಲಿ ಪಿಕಡಿಲಿ ಬೀದಿಯಲ್ಲಿ ಒಂದು ಚಹಾದಂಗಡಿಯನ್ನು ತೆರೆದ ಅವರು ಕ್ರಮೇಣ ದೇಶದ ಉದ್ದಗಲಕ್ಕೂ ಅಂಗಡಿಗಳನ್ನು ಹರಡಿದರು. ಬ್ರೆಡ್ಡು, ಕೇಕುಗಳನ್ನು ತಮ್ಮ ಭಟ್ಟಿಗಳಲ್ಲೇ ಬೇಯಿಸಿ ಅಲ್ಲಿಗೆಲ್ಲ ಕಳುಹಿಸುತ್ತಿದ್ದರು. ಒಂದು ಬಟ್ಟಲು ಚಹಾದ ಮೇಲೆ ದೊರೆಯುವ ಲಾಭ ಚಿಕ್ಕದು. ಅದಕ್ಕೆ ಬರೆಯಬೇಕಾದ ಲೆಕ್ಕ ಮಾತ್ರ ದೊಡ್ಡದು. ಆದುದರಿಂದ ಗುಮಾಸ್ತರು ದಿನವೂ ಬರೆಯುವ ಇಷ್ಟೊಂದು ಕಾಗದ ಯಾತಕ್ಕೆ, ಇದರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ವಿಚಾರಿಸುವುದಕ್ಕಾಗಿಯೇ ಆ ಕಂಪೆನಿಯಲ್ಲಿ ಒಂದು ವಿಭಾಗವಿತ್ತು. ಜಾನ್ ಸಿಮನ್ಸ್ ಎಂಬ ಗಣಿತಜ್ಞರು ಅದಕ್ಕೆ ಪ್ರೇರಕರಾಗಿದ್ದರು. ಕಂಪ್ಯೂಟರ್ ಎಂಬುದು ಹುಟ್ಟುವ ಮೊದಲೇ ಅಲ್ಲಿ ಪ್ರಶ್ನೆ ಕೇಳುವ ಅಭ್ಯಾಸ ಹುಟ್ಟಿತ್ತು ಎಂಬುದು ಗಮನಿಸತಕ್ಕ ಅಂಶ.

1947ರಲ್ಲಿ ಈ ಕಂಪೆನಿಯ ಇಬ್ಬರು ಅಧಿಕಾರಿಗಳು ಕಚೇರಿಯ ಹೊಸ ವಿಧಾನಗಳನ್ನು ನೋಡಿಬರಲು ಅಮೆರಿಕಕ್ಕೆ ಹೋದರು. ವಿದ್ಯುನ್ಮಾನ ಗಣಕವೆಂಬ ಹೊಸ ಸೃಷ್ಟಿಯ ವಿಷಯ ಅಲ್ಲಿ ಅವರ ಕಿವಿಗೆ ಬಿತ್ತು. ತಮ್ಮ ದೇಶದ ಕೇಂಬ್ರಿಜ್‌ನಲ್ಲಿಯೇ ಮಾರಿಸ್ ವಿಲ್ಕ್ಸ್ ಎಂಬವರು ಅಂಥದೊಂದನ್ನು ಕಟ್ಟುತ್ತಿದ್ದಾರೆಂಬ ಸುದ್ದಿಯೂ ಅಲ್ಲಿಯೇ ತಿಳಿಯಿತು. ಕಂಪೆನಿ ಆ ಕೆಲಸಕ್ಕೆ 3,000 ಪೌಂಡುಗಳ ನೆರವಿತ್ತು, ಅದರ ಮಾದರಿಯ ಮೇಲೆ ತನ್ನದೇ ಒಂದು ಯಂತ್ರವನ್ನು ಕಟ್ಟಿಕೊಂಡಿತು. ಅದರ ಹೆಸರು ಲಿಯೋ. 1951ರ ನವೆಂಬರಿನಲ್ಲಿ ಅದು ಭಟ್ಟಿಗಳಲ್ಲಿ ತಯಾರಾದ ಪದಾರ್ಥಗಳ ಮೌಲ್ಯವನ್ನು ಲೆಕ್ಕಹಾಕತೊಡಗಿತು. ವ್ಯಾಪಾರದ ದಿನನಿತ್ಯದ ಲೆಕ್ಕವೊಂದನ್ನು ಗಣಕ ವಹಿಸಿಕೊಂಡದ್ದಕ್ಕೆ ಇದನ್ನೇ ಮೊದಲ ಉದಾಹರಣೆಯೆಂದು ಇತಿಹಾಸಕಾರರು ಹೇಳುತ್ತಾರೆ.

ನಮ್ಮ ಕಥೆಗೆ ಯಂತ್ರಕ್ಕಿಂತ ಮುಖ್ಯನಾದವನು ಒಬ್ಬ ಮನುಷ್ಯ: ಡೇವಿಡ್ ಕ್ಯಾಮಿನರ್. 1936ರಲ್ಲಿ ಕಂಪೆನಿಯನ್ನು ಸೇರಿದ ಈತ ಎರಡನೆಯ ಮಹಾಯುದ್ಧದಲ್ಲಿ ಒಂದು ಕಾಲನ್ನು ಕಳೆದುಕೊಂಡು ಮರಳಿ ಬಂದವನು. ಕಚೇರಿಯ ಕೆಲಸವನ್ನು ಬಿಡಿಸಿ ನೋಡಿ, ಅದನ್ನು ಲಿಯೋ ಮಾಡಬಲ್ಲ ರೂಪಕ್ಕೆ ತರುವ ಹೊಣೆ ಈತನ ಮೇಲೆ ಬಿತ್ತು. ಜಗತ್ತಿನ ಮೊದಲ ಸಿಸ್ಟಮ್ಸ್ ಅನಲಿಸ್ಟ್ ಎಂದು ಈತನನ್ನು ಕರೆದವರುಂಟು. ಇಂದಿನ ಬಿಸಿನೆಸ್ ಅನಲಿಸ್ಟರ ಕುಲಕ್ಕೆ ಮೂಲಪುರುಷನೆಂದರೂ ಸಲ್ಲುತ್ತದೆ. 2008ರಲ್ಲಿ ಆತ ತೀರಿಕೊಂಡ.

ಅವರು ಮಾಡಿದ ಒಂದು ಕೆಲಸವನ್ನು ಹೇಳಿದರೆ ಕಸಬಿನ ಗುಟ್ಟು ತಿಳಿಯುತ್ತದೆ. ನಾಳೆಗೆ ಯಾವ ತಿಂಡಿ ಎಷ್ಟು ಬೇಕು ಎಂದು ಪ್ರತಿಯೊಂದು ಚಹಾದಂಗಡಿಯ ಮೇಲ್ವಿಚಾರಕಿಯೂ ದಿನದಿನವೂ ಉದ್ದನೆಯ ಪಟ್ಟಿಯನ್ನು ತುಂಬಿ ಕಳುಹಿಸಬೇಕಾಗಿತ್ತು. ಈ ಪಟ್ಟಿಗಳನ್ನೇ ಯಂತ್ರಕ್ಕೆ ಉಣಿಸಿಬಿಡುವುದು ಸುಲಭದ ದಾರಿ. ಆದರೆ ಅವರು ಅಂಗಡಿಯ ಸ್ವಭಾವವನ್ನು ವಿಚಾರಿಸಿದರು. ಸೋಮವಾರದ ಬೇಡಿಕೆ ಹೆಚ್ಚು ಕಡಿಮೆ ಹಿಂದಿನ ಸೋಮವಾರದಂತೆಯೇ ಇರುತ್ತದೆ. ಬದಲಾಗುವುದು ಒಂದೆರಡು ಬಾಬು ಮಾತ್ರ. ಹಾಗಿದ್ದ ಮೇಲೆ ಇದ್ದುದನ್ನೆಲ್ಲ ಮತ್ತೆ ಬರೆಯುವುದೇಕೆ? ವಾರದ ಒಂದೊಂದು ದಿನಕ್ಕೂ ಅಂಗಡಿಯ ಒಂದು ವಾಡಿಕೆಯ ಪಟ್ಟಿಯನ್ನು ಮೊದಲೇ ಯಂತ್ರದ ವಶಕ್ಕೆ ಕೊಟ್ಟರು. 1954ರಲ್ಲಿ ಬಂದ ಈ ಏರ್ಪಾಟಿನಲ್ಲಿ ಮೇಲ್ವಿಚಾರಕಿ ಗೊತ್ತಾದ ಹೊತ್ತಿಗೆ ಟೆಲಿಫೋನಿನಲ್ಲಿ ಬದಲಾವಣೆಯನ್ನಷ್ಟೇ ಹೇಳಿದರೆ ಸಾಕು. ಕೇಂದ್ರ ಕಚೇರಿಯ ಹುಡುಗಿಯರು ಅದನ್ನು ಆಗಲೇ ಕಾರ್ಡಿನಲ್ಲಿ ತೂತು ಹೊಡೆದು ಯಂತ್ರಕ್ಕೆ ಮುಟ್ಟಿಸುತ್ತಿದ್ದರು. ಜಾಣತನವಿದ್ದುದು ಯಂತ್ರದ ವೇಗದಲ್ಲಲ್ಲ, "ಏಕೆ?" ಎಂಬ ಒಂದು ಪ್ರಶ್ನೆಯಲ್ಲಿ.

ಆ ಮೇಲಿನ ಎಪ್ಪತ್ತು ವರ್ಷಗಳಲ್ಲಿ ಈ ಕಸಬು ತನ್ನದೇ ಒಂದು ಶಾಸ್ತ್ರವನ್ನು ಬೆಳೆಸಿಕೊಂಡಿದೆ. 2003ರಲ್ಲಿ ಕೆನಡಾದಲ್ಲಿ ಇವರದೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಯಿತು. ಆ ಸಂಸ್ಥೆ ಹೊರತಂದ ಕೈಪಿಡಿಯುಂಟು, ಪರೀಕ್ಷೆಯುಂಟು, ಪ್ರಮಾಣಪತ್ರವುಂಟು. ನನ್ನ ವಿದ್ಯಾರ್ಥಿನಿ ತನ್ನ ದಿನಚರಿಯನ್ನು ಹೇಳುತ್ತ ಹೋದಂತೆ ಆ ಶಾಸ್ತ್ರದ ಕೆಲವು ಸೂತ್ರಗಳು ನನಗೆ ಪರಿಚಯವಾದವು. ಮೊದಲು ಈಗ ಕೆಲಸ ಹೇಗೆ ನಡೆಯುತ್ತಿದೆ ಎಂಬುದರ ಚಿತ್ರ. ಆಮೇಲೆ ಹೇಗೆ ನಡೆಯಬೇಕು ಎಂಬುದರ ಚಿತ್ರ. ಎರಡರ ನಡುವಿನ ಅಂತರವೇ ಮಾಡಬೇಕಾದ ಕೆಲಸ. ಪ್ರತಿಯೊಂದು ಬೇಡಿಕೆಯನ್ನೂ ಮೂರು ಅಂಗಗಳಲ್ಲಿ ಬರೆಯುತ್ತಾರೆ: ಯಾರಿಗೆ ಬೇಕು, ಏನು ಬೇಕು, ಯಾತಕ್ಕೆ ಬೇಕು. ಮೂರನೆಯದನ್ನು ಹೇಳಲಾರದವರ ಬೇಡಿಕೆ ಅನೇಕ ವೇಳೆ ಬೇಡಿಕೆಯೇ ಆಗಿರುವುದಿಲ್ಲವಂತೆ. ತೊಂದರೆಯ ಬುಡವನ್ನು ಕಾಣಲು "ಏಕೆ?" ಎಂದು ಒಂದರ ಮೇಲೊಂದರಂತೆ ಐದು ಸಲ ಕೇಳುವ ಪದ್ಧತಿಯೊಂದಿದೆ, ಇದು ಜಪಾನಿನ ಟೊಯೊಟಾ ಕಾರಖಾನೆಯಿಂದ ಬಂದದ್ದು. ಎಲ್ಲರಿಗೂ ಎಲ್ಲವೂ ಬೇಕು ಎಂದಾಗ, ಇರಲೇಬೇಕಾದದ್ದು, ಇರಬೇಕಾದದ್ದು, ಇದ್ದರೆ ಒಳ್ಳೆಯದು, ಸದ್ಯಕ್ಕೆ ಬೇಡವಾದದ್ದು ಎಂದು ನಾಲ್ಕು ರಾಶಿ ಹಾಕುತ್ತಾರೆ. ಕೊನೆಯ ರಾಶಿಗೆ ಬಿದ್ದುದರ ಒಡೆಯನನ್ನು ಸಮಾಧಾನಪಡಿಸುವುದೇ ತನ್ನ ಉದ್ಯೋಗದ ಅತ್ಯಂತ ಕಠಿನ ಭಾಗವೆಂದು ಅವಳು ಹೇಳಿದಳು.

ಕೇಳುತ್ತ ಕುಳಿತಿದ್ದ ನನಗೆ ಇದೆಲ್ಲ ಎಲ್ಲಿಯೋ ಕಂಡದ್ದೇ ಅನ್ನಿಸತೊಡಗಿತು. ಹಸ್ತಪ್ರತಿಗಳನ್ನಿಟ್ಟುಕೊಂಡು ಗ್ರಂಥಸಂಪಾದನೆ ಮಾಡುವವನು ಮಾಡುವುದೂ ಇದನ್ನೇ ಅಲ್ಲವೇ? ಒಂದೊಂದು ಓಲೆಯೂ ಒಂದೊಂದು ಪಾಠವನ್ನು ಹೇಳುತ್ತದೆ. ಯಾವುದೂ ಪೂರ್ತಿ ಸುಳ್ಳಲ್ಲ, ಯಾವುದೂ ಪೂರ್ತಿ ನಿಜವಲ್ಲ. ಲಿಪಿಕಾರನ ಕೈತಪ್ಪು ಯಾವುದು, ಕವಿಯ ಅಭಿಪ್ರಾಯ ಯಾವುದು ಎಂದು ಸಂಪಾದಕ ತೂಗಿ ನೋಡಬೇಕು. ತನಗೆ ರುಚಿಸಿದ್ದನ್ನು ಕವಿಯ ಬಾಯಲ್ಲಿ ತುರುಕಬಾರದು. ಅವಳ ಕಚೇರಿಯಲ್ಲಿ ಓಲೆಗಳ ಬದಲು ಮನುಷ್ಯರಿದ್ದಾರೆ. ಒಂದೇ ಕೆಲಸವನ್ನು ಮುಖ್ಯಾಧಿಕಾರಿ ಒಂದು ಬಗೆಯಾಗಿ ವರ್ಣಿಸುತ್ತಾನೆ, ಗುಮಾಸ್ತ ಇನ್ನೊಂದು ಬಗೆಯಾಗಿ; ಗಿರಾಕಿಯ ಅನುಭವವೇ ಬೇರೆ. ಪಾಠಾಂತರಗಳಿಗೇನೂ ಕೊರತೆಯಿಲ್ಲ.

ಇದು ವ್ಯಾಪಾರಸ್ಥರ ಪಾಡು, ನಮಗೇನು ಎನ್ನುವವರಿಗಾಗಿ ನಮ್ಮ ನಾಡಿನದೇ ಒಂದು ನಿದರ್ಶನವನ್ನು ಹೇಳಬಯಸುತ್ತೇನೆ. ಕರ್ನಾಟಕದ ಭೂದಾಖಲೆಗಳನ್ನು ಗಣಕಕ್ಕೇರಿಸಿದ 'ಭೂಮಿ' ಯೋಜನೆ ಬಳಕೆಗೆ ಬಂದುದು 2001ರಲ್ಲಿ. ಅದಕ್ಕೆ ಮೊದಲು ಪಹಣಿಯ ಪುಸ್ತಕಗಳೆಲ್ಲ ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದವು. ರೈತನಿಗೆ ಒಂದು ನಕಲು ಬೇಕಾದರೆ ಅವರನ್ನು ಹುಡುಕಿ ಅಲೆಯಬೇಕು, ಕಾಯಬೇಕು, ಎಷ್ಟೋ ವೇಳೆ ಕೈ ಬೆಚ್ಚಗೆ ಮಾಡಬೇಕು. ಹೊಸ ಏರ್ಪಾಟಿನಲ್ಲಿ 67 ಲಕ್ಷ ರೈತರ ಸುಮಾರು ಎರಡು ಕೋಟಿ ದಾಖಲೆಗಳು ಯಂತ್ರವನ್ನು ಸೇರಿದವು; ಅಂದಿನ 177 ತಾಲ್ಲೂಕುಗಳ ಕಚೇರಿಗಳಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು.

ಈ ಅಂಕಿಗಳಿಗಿಂತ ನನ್ನ ಮನಸ್ಸನ್ನು ಸೆಳೆದದ್ದು ಎರಡು ಸಣ್ಣ ಸಂಗತಿಗಳು. ಹಕ್ಕು ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದು ಮೊದಲೇ ತೀರಬೇಕು, ನಡುವೆ ಯಾರನ್ನೂ ನುಗ್ಗಿಸುವಂತಿಲ್ಲ ಎಂಬ ನಿಯಮವನ್ನು ಯಂತ್ರದೊಳಗೇ ಕಟ್ಟಿದರು. ಇನ್ನೊಂದು, ಕಚೇರಿಯ ಕಿಟಕಿಯಲ್ಲಿ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ಮುಖಮಾಡಿ ಇಟ್ಟರು. ಒಳಗೆ ಕುಳಿತವನು ಬೆರಳಾಡಿಸಿದ್ದೆಲ್ಲ ಹೊರಗೆ ನಿಂತವನ ಕಣ್ಣಿಗೆ ಬೀಳಬೇಕು. ಪಹಣಿಗಾಗಿ ಬಿಸಿಲಲ್ಲಿ ನಿಂತವನ ಸಂಶಯವೇನೆಂಬುದನ್ನು ಯಾರೋ ಕೇಳಿಸಿಕೊಂಡಿದ್ದರು ಎಂಬುದಕ್ಕೆ ಆ ಎರಡನೆಯ ಪರದೆಯೇ ಸಾಕ್ಷಿ. ಹೀಗೆಂದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದಲ್ಲ. ಹಳೆಯ ಪುಸ್ತಕದ ತಪ್ಪು ಯಂತ್ರದಲ್ಲಿಯೂ ತಪ್ಪಾಗಿಯೇ ಉಳಿಯಿತು. ದಾಖಲೆ ಒಂದೆಡೆ ಕೂಡಿದ್ದರಿಂದ ಸಣ್ಣ ರೈತನಿಗಿಂತ ದೊಡ್ಡ ಕೊಳ್ಳುಗರಿಗೇ ಹೆಚ್ಚು ಅನುಕೂಲವಾಯಿತೆಂದು ವಾದಿಸಿದ ಸಂಶೋಧಕರೂ ಇದ್ದಾರೆ. ಯಾರನ್ನು ಕೇಳಿದೆವು ಎಂಬುದರಷ್ಟೇ ಯಾರನ್ನು ಕೇಳದೆ ಬಿಟ್ಟೆವು ಎಂಬುದೂ ಮುಖ್ಯವಾಗುವುದು ಇಲ್ಲಿಯೇ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ. ಅಂದು ಸಂಜೆ ಆ ಹುಡುಗಿಯ ಮುಂದೆ ಒಪ್ಪಿಕೊಂಡ ಒಂದು ತಪ್ಪನ್ನು ಇಲ್ಲಿಯೂ ಒಪ್ಪಿಕೊಳ್ಳಬೇಕಾಗಿದೆ.

ನಾಲ್ಕು ವರ್ಷಗಳ ಹಿಂದೆ ನಾನಿದ್ದ ಕಾಲೇಜಿನಲ್ಲಿ ಪ್ರವೇಶದ ಮತ್ತು ವಿದ್ಯಾರ್ಥಿವೇತನದ ಕಾಗದಪತ್ರಗಳನ್ನು ಗಣಕಕ್ಕೆ ಒಪ್ಪಿಸುವ ನಿರ್ಧಾರವಾಯಿತು. ತಂತ್ರಾಂಶ ಬರೆಯುವ ತರುಣರು, ತಮಗೆ ಏನೇನು ಬೇಕೆಂಬುದನ್ನು ಬರೆದುಕೊಡಿ ಎಂದರು. "ಬರವಣಿಗೆ ನಿಮ್ಮದೇ ವಿಷಯವಲ್ಲವೇ" ಎಂದು ಪ್ರಾಂಶುಪಾಲರು ಆ ಹೊಣೆಯನ್ನು ನನಗೆ ವಹಿಸಿದರು. ನಾನು ಹಿಗ್ಗಿದೆ. ಕಚೇರಿಯಿಂದ ಹಳೆಯ ದಾಖಲಾತಿ ಪುಸ್ತಕವನ್ನು ತರಿಸಿಕೊಂಡು, ಎರಡು ರಾತ್ರಿ ಕುಳಿತು, ಹನ್ನೆರಡು ಪುಟಗಳ ಸೊಗಸಾದ ಟಿಪ್ಪಣಿಯನ್ನು ಸಿದ್ಧಪಡಿಸಿದೆ. ಪುಸ್ತಕದಲ್ಲಿದ್ದ ಒಂದೊಂದು ಅಂಕಣಕ್ಕೂ ಹೆಸರು, ಕ್ರಮ, ವಿವರಣೆ ಕೊಟ್ಟೆ. ಬಲತುದಿಯಲ್ಲಿ ತಲೆಬರಹವಿಲ್ಲದ ಒಂದು ಕಿರಿಯ ಅಂಕಣವಿತ್ತು. ಅಲ್ಲಲ್ಲಿ ಪೆನ್ಸಿಲಿನಿಂದ ಏನೋ ಗೀಚಿತ್ತು. ಯಾರದೋ ಕೈಚಪಲವೆಂದು ಅದನ್ನು ಬಿಟ್ಟೆ.

ಅದು ಕೈಚಪಲವಾಗಿರಲಿಲ್ಲ. ಕಚೇರಿಯ ಹಿರಿಯ ಗುಮಾಸ್ತರು ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದ ಒಂದು ಎಚ್ಚರಿಕೆಯಾಗಿತ್ತು. ನಮ್ಮ ಹಳ್ಳಿಯ ಮಕ್ಕಳಿಗೆ ಒಬ್ಬೊಬ್ಬರಿಗೂ ಎರಡು ಮೂರು ಹೆಸರು. ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೊಡನೆ ರತ್ನ. ಬ್ಯಾಂಕಿನ ಪುಸ್ತಕದಲ್ಲಿ ಬರಿಯ ರತ್ನಮ್ಮ. ಹೆಸರು ಹೊಂದದವರ ಎದುರಿಗೆ ಬ್ಯಾಂಕಿನಲ್ಲಿರುವ ಹೆಸರನ್ನು ಆತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಹಣದ ಪಟ್ಟಿಯನ್ನು ಕಳುಹಿಸುವಾಗ ಅದನ್ನೇ ಬಳಸುತ್ತಿದ್ದರು. ಯಾವ ಸುತ್ತೋಲೆಯಲ್ಲಿಯೂ ಈ ಕ್ರಮವಿರಲಿಲ್ಲ. ಆತನಿಗೆ ಗೊತ್ತಿತ್ತು, ಅಷ್ಟೆ.

ಆ ವರ್ಷ ಪಟ್ಟಿ ಯಂತ್ರದಿಂದ ಹೊರಟಿತು. ಹನ್ನೊಂದು ಮಕ್ಕಳ ಹಣವನ್ನು ಹೆಸರು ಹೊಂದುವುದಿಲ್ಲವೆಂದು ಬ್ಯಾಂಕಿನವರು ಹಿಂದಿರುಗಿಸಿದರು. ಕಾರಣವೇನೆಂದು ತಿಳಿದು, ಪಟ್ಟಿ ತಿದ್ದಿ, ಮತ್ತೆ ಕಳುಹಿಸುವಷ್ಟರಲ್ಲಿ ನಾಲ್ಕು ತಿಂಗಳು ಸಂದವು. ಹತ್ತು ಮಂದಿ ಹೇಗೋ ತಡೆದುಕೊಂಡರು. ಒಬ್ಬಳು ಕಾಲೇಜು ಬಿಟ್ಟಳು. ನನ್ನ ತರಗತಿಯಲ್ಲಿ ಎರಡನೆಯ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗಿ; ಹಳಗನ್ನಡವನ್ನು ತಡವರಿಸದೆ ಓದುತ್ತಿದ್ದ ನಾಲ್ಕಾರು ಮಂದಿಯಲ್ಲಿ ಒಬ್ಬಳು. ವಿಳಾಸ ಹುಡುಕಿಕೊಂಡು ಊರಿಗೆ ಹೋದಾಗ ಅವಳ ತಾಯಿ ನನಗೆ ನೀರು ಕೊಟ್ಟು, "ಗಾರ್ಮೆಂಟ್ಸಿಗೆ ಸೇರ್ಕೊಂಡ್ಳು ಸಾರ್, ಇನ್ನು ಬರಾಕಿಲ್ಲ" ಎಂದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಈ ಕಥೆಯನ್ನು ಕೇಳಿ ನನ್ನ ಹಳೆಯ ವಿದ್ಯಾರ್ಥಿನಿ ಸಮಾಧಾನದ ಮಾತನ್ನೇನೂ ಆಡಲಿಲ್ಲ. "ಆ ಹನ್ನೆರಡು ಪುಟ ಬರೆಯೋ ಮೊದಲು ಎಷ್ಟು ಜನರನ್ನ ಕೇಳಿದ್ರಿ, ಸಾರ್?" ಎಂದಳು. ಪ್ರಾಂಶುಪಾಲರನ್ನು ಕೇಳಿದ್ದೆ. ಮೇಲ್ವಿಚಾರಕರನ್ನು ಕೇಳಿದ್ದೆ. ಪುಸ್ತಕವನ್ನು ಕೈಯಾರೆ ತಂದು ನನ್ನ ಮೇಜಿನ ಮೇಲಿಟ್ಟು, ಏನಾದರೂ ಕೇಳುತ್ತಾರೇನೋ ಎಂದು ಒಂದು ಗಳಿಗೆ ನಿಂತೇ ಇದ್ದ ಗುಮಾಸ್ತರನ್ನು ಮಾತ್ರ ಕೇಳಿರಲಿಲ್ಲ. ಹಸ್ತಪ್ರತಿಯ ಅಂಚಿನಲ್ಲಿ ಲಿಪಿಕಾರ ಬರೆದದ್ದನ್ನು ಎಂದಿಗೂ ಕಡೆಗಣಿಸಬೇಡಿ ಎಂದು ವರ್ಷವರ್ಷವೂ ಎಂ.ಎ. ತರಗತಿಗೆ ಉಪದೇಶಿಸುವವನು ನಾನೇ!

ಇಂದು ಇಂಥ ಹನ್ನೆರಡು ಪುಟಗಳನ್ನು ಬರೆಯಲು ಎರಡು ರಾತ್ರಿಯೂ ಬೇಕಾಗಿಲ್ಲ. ಯಂತ್ರವೇ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ, ನನಗಿಂತ ಚೆನ್ನಾಗಿಯೇ ಬರೆಯುತ್ತದೆ. ಹಾಗಾದರೆ ನಿನ್ನ ಉದ್ಯೋಗಕ್ಕೆ ಕುತ್ತಲ್ಲವೇ ಎಂದು ಅವಳನ್ನು ಕೇಳಿದೆ. ಇದ್ದರೂ ಇರಬಹುದು ಎಂದಳು. ಆದರೆ ಬರೆಯುವುದು ತನ್ನ ಕೆಲಸದ ಕೊನೆಯ ಭಾಗವೆಂದೂ, ಮೇಜಿನ ಬಳಿ ಸುಮ್ಮನೆ ನಿಂತವನನ್ನು ಕಂಡು "ಕೂತುಕೊಳ್ಳಿ" ಎನ್ನುವುದು ಮೊದಲ ಭಾಗವೆಂದೂ ಹೇಳಿದಳು. ಮೊದಲನೆಯದನ್ನು ಬಿಟ್ಟವನ ಬರವಣಿಗೆ ಎಷ್ಟು ಸೊಗಸಾಗಿದ್ದರೇನು?

ಅವರು ಹೊರಟಾಗ ಕತ್ತಲಾಗಿತ್ತು. ಬಾಗಿಲವರೆಗೂ ಹೋಗಿ ಬೀಳ್ಕೊಟ್ಟೆ. ಮರುದಿನ, ಆಗಲೇ ನಿವೃತ್ತರಾಗಿದ್ದ ಆ ಗುಮಾಸ್ತರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕುಳಿತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಈ ಸಲ ನಾನು ಕಾಗದವನ್ನು ಒಯ್ದಿರಲಿಲ್ಲ. ಎರಡು ಗಂಟೆಯ ಹೊತ್ತು ಅವರು ಹೇಳಿದರು, ನಾನು ಕೇಳಿದೆ. ಪೆನ್ಸಿಲಿನ ಗುರುತುಗಳು ಇನ್ನೂ ಆರು ಬಗೆಯವು ಇದ್ದವೆಂದು ಆಗ ತಿಳಿಯಿತು. ಈ ಜೂನ್ ತಿಂಗಳ ಪ್ರವೇಶದ ಹೊತ್ತಿಗೆ ಅವೆಲ್ಲ ಹೊಸ ಅರ್ಜಿಯಲ್ಲಿ ಸೇರಿದವು; ತಲೆಬರಹವಿಲ್ಲದಿದ್ದ ಆ ಅಂಕಣಕ್ಕೂ ಒಂದು ಹೆಸರು ಬಂದಿತು. ಒಂದು ಅರ್ಜಿಯನ್ನು ಎರಡನೆಯ ಸಾಲಿನ ಆ ಹುಡುಗಿಯ ವಿಳಾಸಕ್ಕೂ ಅಂಚೆಯಲ್ಲಿ ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.